ನಲವತ್ತೆಂಟು ಕೊಳವೆಗಳ ಕೆಂಪು ಬೊಟ್ಟು

“ಸೊಂಟದ ಬೀಗದಕೈ ಗೊಂಚಲು ಆಚೆ ಇಟ್ಟು ಬನ್ನಿ, ಜಮೇದಾರ್ರೇ.”

“ಯಾಕಪ್ಪಾ? ಇದರಿಂದ ನಿನ್ನ ಬೀಗ ತೆಗೆದುಬಿಡ್ತೀನಿ ಅಂತಲಾ?”

“ಅದಕ್ಕಲ್ಲ. ಅದು ಕಬ್ಬಿಣ. ಉಗ್ರಾಣದೊಳಕ್ಕೆ ಕಬ್ಬಿಣ ಬರಂಗಿಲ್ಲ.”

ಉಗ್ರಾಣ ನೋಡಿಕೊಳ್ಳುವ ಕದಿರಪ್ಪ ಬಾಗಿಲಿಗೆ ಅಡ್ಡ ನಿಂತೇ ಹೇಳಿದ. ಜಮೇದಾರ್ ಕೋದಂಡರಾಮಪ್ಪನವರು ಅವನ ಮುಖ ನೋಡಿದರು. ಎರಡು ದಿನದಿಂದ ಅನ್ನ ಸೇರದ ಮುಖ. ಕಾರ್ಖಾನೆಯ ಎವರ್‌ಸಿಲ್ವರ್ ಕೊಳವೆಗಳನ್ನು ಮಾರಿಕೊಂಡು, ಅವುಗಳ ಜಾಗದಲ್ಲಿ ಬರೀ ಕಬ್ಬಿಣದ ಕೊಳವೆ ಇಟ್ಟಿದ್ದಾನೆಂದು ಅವನ ಮೇಲೆ ಮಾತು ಬಂದಿತ್ತು. ನಾಲ್ಕರ ಚಿಕ್ಕ ರೈಲಿಗೆ ಕೋಲಾರದಿಂದ ಇನ್ಸ್‌ಪೆಕ್ಟರು ಬರುವುದರೊಳಗೆ ನಿಜ ತಿಳಿಯದಿದ್ದರೆ ಅದೇ ರೈಲಿನಲ್ಲಿ ಅವನು ಹಿಂದಕ್ಕೆ ಹೋಗಬೇಕು, ಕೈಗೆ ಬೇಡಿ ತೊಟ್ಟು.

ಇಷ್ಟಾದರೂ ಉಗ್ರಾಣದ ನೇಮ ಬಿಡಲೊಲ್ಲ!

ಜಮೇದಾರರು ನಗುತ್ತಾ ಗೊಂಚಲನ್ನು ಬಿಚ್ಚಿ, ಬಾಗಿಲ ಹೊರಗೆ ಚಪ್ಪಲಿಯ ಪಕ್ಕ ಇಟ್ಟರು. ಪೊಲೀಸು ಖಾತೆಯಿಂದ ಪಿಂಚಣಿ ಪಡೆದು ಆರು ವರ್ಷವಾಗಿತ್ತು. ಈಗ ಅವರಿಗೆ ಉಳಿದಿದ್ದು ಆಂಜನೇಯನ ಗುಡಿಯ ಶನಿವಾರದ ಭಜನೆ, ಒಂದು ತಂಬೂರಿ, ಮತ್ತು ಊರಿನವರು ತಂದು ಹಾಕುವ ಇಂಥ ಸಿಕ್ಕುಗಳು. ಇವೆಲ್ಲವನ್ನೂ ಅವರು ಒಂದೇ ಭಕ್ತಿಯಿಂದ ನಡೆಸುತ್ತಿದ್ದರು.

“ಪಂಚೆ ಸ್ವಲ್ಪ ಮೋಟಾಯ್ತಲ್ಲ, ಜಮೇದಾರ್ರೇ?” ಹಿಂದಿನಿಂದ ಬಂದ ವೆಂಕಟರಾಯಪ್ಪನವರು ಕಣ್ಣು ಮಿಟುಕಿಸಿದರು. ಶ್ರೀನಿವಾಸಪುರದ ಸುತ್ತ ಮುನ್ನೂರು ಎಕರೆ ಮಾವಿನ ತೋಪಿನ ಯಜಮಾನರು. ಈ ಹಣ್ಣಿನ ರಸದ ಕಾರ್ಖಾನೆ ಅವರ ಕನಸು.

“ಒಳ್ಳೇ ಪಂಚೇನ ಅಗಸ ಕಳೆದುಹಾಕಿದ ಅಂತ ನಮ್ಮನೆಯಾಕೆ ಅನಸೂಯ ಒಂದು ತಿಂಗಳಿಂದ ಹೇಳ್ತಾನೇ ಅವಳೆ. ಅಗಸನ್ನ ಕೇಳಿದ್ರೆ, ನಾನು ಕಳೆದೇ ಇಲ್ಲ ಅಂತ ಗಂಗಮ್ಮನ ಮೇಲೆ ಆಣೆ ಇಡ್ತಾನೆ. ಊರೋರ ಕಳ್ಳತನವೆಲ್ಲ ಹಿಡಿದೆ, ನಮ್ಮನೆ ಪಂಚೆ ಮಾತ್ರ ಸಿಗಲಿಲ್ಲ.”

ಇಬ್ಬರೂ ಜೋರಾಗಿ ನಕ್ಕರು. ಅಂಗಳದಲ್ಲಿ ಹುಲ್ಲಿನ ಮೇಲೆ ಹರಡಿದ್ದ ರಸಪುರಿ, ಬಾದಾಮಿ, ಗಿಣಿಮೂತಿ ರಾಶಿಗಳ ಸುವಾಸನೆ ಆ ನಗುವಿನ ಜೊತೆಗೇ ಒಳಗೆ ಬಂತು.

ನಗದೆ ನಿಂತಿದ್ದವರು ಇಂಜಿನಿಯರ್ ತಿರುವೆಂಗಡಯ್ಯ ಒಬ್ಬರೇ. ಬೆಂಗಳೂರಿನಿಂದ ಬಂದು ವಾರವಾಗಿತ್ತು. ಆರೋಪ ಹೊರಿಸಿದವರೂ ಅವರೇ.

“ನಗೋ ಹೊತ್ತಲ್ಲ ಸ್ವಾಮಿ ಇದು,” ಎಂದರು. “ನಾಳೆ ಶುಕ್ರವಾರ ಬಾಯ್ಲರಿಗೆ ಬೆಂಕಿ. ಮಾವಿನ ಹುಳಿ ಕಬ್ಬಿಣದ ಕೊಳವೇಲಿ ಹರಿದ್ರೆ ರಸ ಕಪ್ಪಾಗುತ್ತೆ, ನಾಲಗೆಗೆ ಕಬ್ಬಿಣದ ರುಚಿ. ಅದಕ್ಕೇ ಈ ಸ್ಟೇನ್‌ಲೆಸ್ ತರಿಸಿದ್ದು. ಯುದ್ಧಕ್ಕೆ ಮುಂಚಿನ ಹಡಗಿನಲ್ಲಿ ಬಂದದ್ದು. ಈಗ ಎಷ್ಟು ತಲೆಕೆಳಗಾಗಿ ನಿಂತರೂ ಇನ್ನೊಂದು ತುಂಡು ಸಿಗೋದಿಲ್ಲ.”

“ಗೊತ್ತು. ಮೊದಲು ನೋಡೋಣ,” ಎಂದು ಕೋದಂಡರಾಮಪ್ಪನವರು ಹೊಸ್ತಿಲು ದಾಟಿದರು.

ದಾಟಿದವರು ಅಲ್ಲೇ ನಿಂತುಬಿಟ್ಟರು.

ಉದ್ದನೆಯ ಹೆಂಚಿನ ಮನೆ. ನಡುವೆ ಸಾಲಾಗಿ ಆರು ಮರದ ಕಂಬ. ಪ್ರತಿ ಕಂಬಕ್ಕೂ ಎರಡೂ ಕಡೆ ಚಾಚಿದ ತೋಳುಗಳು, ಒಂದರ ಮೇಲೊಂದು ನಾಲ್ಕು ಅಂತಸ್ತು. ತೋಳಿನ ತುದಿ ಬೆರಳಷ್ಟು ಮೇಲಕ್ಕೆ ಎದ್ದಿತ್ತು, ಮೇಲಿರಿಸಿದ್ದು ಉರುಳಿ ಬೀಳದಂತೆ. ಒಂದೊಂದು ತೋಳಿಗೂ ಗೋಣಿಯ ಪಟ್ಟಿ ಸುತ್ತಿತ್ತು. ಅದರ ಮೇಲೆ ಇಪ್ಪತ್ತು ಅಡಿ ಉದ್ದದ ಕೊಳವೆಗಳು ಒಂದಕ್ಕೊಂದು ತಾಕದಂತೆ, ಕೆಳಗೆ ದಪ್ಪದ್ದು, ಮೇಲೆ ತೆಳುವಾದದ್ದು, ಸಾಲಾಗಿ ಮಲಗಿದ್ದವು. ಹೆಂಚಿನ ಗಾಜಿನಿಂದ ಇಳಿದ ಬಿಸಿಲು ಅವುಗಳ ಮೇಲೆ ಬಿದ್ದು, ಇಡೀ ಮನೆ ಹುಣ್ಣಿಮೆಯ ಕೆರೆಯಂತೆ ಕಾಣುತ್ತಿತ್ತು.

“ಶಿವಶಿವಾ,” ಎಂದರು ಜಮೇದಾರರು ಮೆಲ್ಲಗೆ. “ಇದನ್ನ ಯಾರಪ್ಪ ಹೇಳಿಕೊಟ್ಟೋರು?”

“ಯಾರೂ ಇಲ್ಲ. ರೇಷ್ಮೆ ಹುಳ,” ಎಂದ ಕದಿರಪ್ಪ. ಎರಡು ದಿನದಲ್ಲಿ ಮೊದಲ ಸಲ ಅವನ ದನಿಗೆ ಜೀವ ಬಂತು. “ನಮ್ಮದು ಹುಳ ಸಾಕೋ ಮನೆ. ತಟ್ಟೆಗಳನ್ನ ಅಟ್ಟಣಿಗೆ ಮೇಲೆ ಇಡ್ತೀವಲ್ಲ, ಕೆಳಗಿನದನ್ನ ಎತ್ತದೇನೆ ಮೇಲಿನದು ತೆಗೀಬೋದು, ಮೇಲಿನದನ್ನ ಮುಟ್ಟದೇನೆ ಕೆಳಗಿನದು. ಹಂಗೇ ಇದು. ಕೊಳವೆ ಬಂದಾಗ ನೆಲದ ಮೇಲೆ ರಾಶಿ ಹಾಕಿದ್ರು. ಅಡೀದು ಒಂದು ಬೇಕು ಅಂದ್ರೆ ಎಲ್ಲಾ ಎತ್ತಬೇಕು. ಒಂದಿನ ರಾಶಿ ಉರುಳಿ ಕೂಲಿಯವನ ಕಾಲ್ಬೆರಳು ಜಜ್ಜಿಹೋಯ್ತು. ಆಮೇಲೆ ಕೂತು ಇದನ್ನ ಕಟ್ಟಿದೆ. ಈಗ ಇಬ್ಬರು ಸಾಕು, ಅತ್ಲಾಗೊಬ್ಬ, ಇತ್ಲಾಗೊಬ್ಬ. ಯಾವ ಕೊಳವೆ ಕೇಳಿದ್ರೂ ಬಾಯಲ್ಲಿ ಎಲೆ ಅಡಿಕೆ ಹಾಕ್ಕೊಳ್ಳೋದ್ರಲ್ಲಿ ಆಚೆ.”

“ಆರು ಕಂಬ ಯಾಕೆ? ಎರಡು ಸಾಕಾಗಲ್ವಾ?”

“ನಡುವೆ ಆಸರೆ ಇಲ್ದಿದ್ರೆ ಬಾಗ್ತವೆ ಅಣ್ಣಾ. ಎರಡು ವರ್ಷದಿಂದ ಮಲಗವೆ, ಒಂದು ನೂಲಿನಷ್ಟು ಬಾಗಿಲ್ಲ.”

“ಕಬ್ಬಿಣದ ಮೇಲೆ ಯಾಕಪ್ಪ ಇಷ್ಟು ಹಗೆ?”

ಉತ್ತರ ಕೊಟ್ಟವರು ತಿರುವೆಂಗಡಯ್ಯನವರು, ಬೇಡವೆಂದರೂ ತಡೆಯಲಾರದೆ. “ಅದು ಸರಿ ಮಾಡಿದ್ದಾನೆ. ಬರೀ ಕಬ್ಬಿಣ ತಾಕಿ ಉಜ್ಜಿದ್ರೆ ಅದರ ತುಕ್ಕು ಇದಕ್ಕೆ ಅಂಟಿಕೊಳ್ಳುತ್ತೆ. ಇಂಥ ಉಗ್ರಾಣ ನಾನು ಬೆಂಗಳೂರಿನಲ್ಲೂ ನೋಡಿಲ್ಲ. ಅದಕ್ಕೇ ಹೇಳೋದು, ಇಷ್ಟು ತಿಳಿದವನೇ ಮೋಸ ಮಾಡಬಲ್ಲ.”

ಕದಿರಪ್ಪನ ಮುಖ ಮತ್ತೆ ಬಾಡಿತು.

“ಬನ್ನಿ, ಇಲ್ಲಿ ನೋಡಿ.” ಇಂಜಿನಿಯರು ಬಾಗಿಲ ಕಡೆಯ ತುದಿಗಳನ್ನು ತೋರಿಸಿದರು. “ನಲವತ್ತೆಂಟಕ್ಕೆ ನಲವತ್ತೆಂಟೂ! ತುದಿಯಲ್ಲಿ ಕೆಂಪು ಕಲೆ. ತುಕ್ಕು ಹಿಡಿಯದ ಉಕ್ಕಿಗೆ ತುಕ್ಕು ಎಲ್ಲಿಂದ ಬಂತು? ಇದು ಮೆರುಗು ಕೊಟ್ಟ ಕಬ್ಬಿಣ. ಮೆರುಗು ತುದಿಯಲ್ಲಿ ಬಿಟ್ಟಿದೆ.”

ಕೋದಂಡರಾಮಪ್ಪನವರು ಬಗ್ಗಿದರು. ಹೌದು, ಪ್ರತಿಯೊಂದು ಕೊಳವೆಯ ತುದಿಯಲ್ಲೂ ಒಣಗಿದ ಕೆಂಪು. ಒಂದೊಂದರಲ್ಲೂ ಮೂರು. ಹೆಬ್ಬೆಟ್ಟಿನ ಗಾತ್ರ.

ಅವರು ಬಹಳ ಹೊತ್ತು ನೋಡಿದರು. ದೇವರ ಮುಂದೆ ನಿಂತವರ ಹಾಗೆ ಕಣ್ಣು ಮುಚ್ಚಿ ತೆರೆದರು. ಆಮೇಲೆ ತಿರುಗಿ, “ವೆಂಕಟರಾಯಪ್ಪನೋರೆ, ನಿಮ್ಮನೆ ಹೊಸ್ತಿಲಿಗೆ ಶುಕ್ರವಾರ ಶುಕ್ರವಾರ ಏನು ಇಡ್ತಾರೆ?” ಎಂದರು.

“ಅರಿಶಿನ ಬಳಿದು ಕುಂಕುಮದ ಬೊಟ್ಟು. ಯಾಕೆ?”

“ಎಷ್ಟು ಬೊಟ್ಟು?”

“ಮೂರು.” ಹೇಳಿದ ಮೇಲೆ ಯಜಮಾನರ ಬಾಯಿ ತೆರೆದೇ ಉಳಿಯಿತು.

“ತುಕ್ಕಿಗೆ ಲೆಕ್ಕ ಬರಲ್ಲ ಸ್ವಾಮಿ. ಅದು ಒಂದು ಕಡೆ ಎರಡು, ಒಂದು ಕಡೆ ಹತ್ತು ಅಂತ ಬರುತ್ತೆ. ಇಲ್ಲಿ ನಲವತ್ತೆಂಟಕ್ಕೂ ಮೂರು ಮೂರು, ಅದೂ ಬಾಗಿಲಿಗೆ ಮುಖ ಮಾಡಿ ಸಾಲಾಗಿ. ಕದಿರಪ್ಪಾ, ಅಂಗಳದಿಂದ ಒಂದು ಹಸೀ ಗಿಣಿಮೂತಿ ತಾ. ಚೆನ್ನಾಗಿ ಹುಳಿ ಇರೋದು.”

ಕಾಯಿ ಬಂತು. ಕಲ್ಲಿನ ಮೇಲೆ ಕುಕ್ಕಿ ಒಡೆದು, ಅದರ ಹುಳಿಯನ್ನು ಬಟ್ಟೆಯ ತುದಿಗೆ ಹಿಂಡಿ, ಜಮೇದಾರರು ಮೊದಲ ಕೊಳವೆಯ ಮೊದಲ ಬೊಟ್ಟಿಗೆ ಒತ್ತಿದರು. ಎಲ್ಲರ ತಲೆಗಳೂ ಅಲ್ಲಿ ಸೇರಿದವು.

ಕೆಂಪು ಮೆಲ್ಲಗೆ ಕರಗಿತು. ಅಂಚಿನಿಂದ ತಿಳಿಯಾಗುತ್ತಾ, ನೋಡುನೋಡುತ್ತಿದ್ದಂತೆ, ಸೇವಂತಿಗೆಯಂಥ ಹಳದಿಯಾಯಿತು!

“ಅರಿಶಿನ!” ಎಂದು ಕೂಗಿದ ಕದಿರಪ್ಪ.

“ಅರಿಶಿನಕ್ಕೆ ಸುಣ್ಣ ಬೆರೆಸಿದ್ರೆ ಕೆಂಪು. ಆರತಿ ನೀರು. ಹುಳಿ ಬಿದ್ರೆ ಮತ್ತೆ ತನ್ನ ಬಣ್ಣಕ್ಕೆ ಬರುತ್ತೆ. ತುಕ್ಕಿಗೆ ಹುಳಿ ಹಾಕಿ ನೋಡಿ, ಅದೆಲ್ಲಿ ಹಳದಿಯಾಗುತ್ತೆ?” ಜಮೇದಾರರು ಎರಡನೆಯದಕ್ಕೆ ಒತ್ತಿದರು. ಹಳದಿ. ಐದನೆಯದು, ಹತ್ತನೆಯದು, ಇಪ್ಪತ್ತನೆಯದು. ಎಲ್ಲವೂ ಮದುವೆಮನೆಯ ಅಕ್ಷತೆಯಂತೆ ಅರಳಿದವು. ಬೊಟ್ಟು ಒರೆಸಿದ ಕಡೆ ಅಡಿಯಲ್ಲಿ ಬೆಳ್ಳಿಯಂಥ ಉಕ್ಕು ನಕ್ಕಿತು.

“ಹಂಗಾದ್ರೆ ಇವಕ್ಕೆ ಆರತಿ ಎತ್ತಿದೋರು ಯಾರು?” ವೆಂಕಟರಾಯಪ್ಪನವರು ಸುತ್ತ ನೋಡಿದರು.

ಕೋದಂಡರಾಮಪ್ಪನವರು ಬಾಗಿಲಾಚೆ ನೋಡುತ್ತಿದ್ದರು. ಅಲ್ಲಿ ಮಗನಿಗೆ ಬುತ್ತಿ ತಂದ ಕದಿರಪ್ಪನ ತಾಯಿ ಮುನಿಶಾಮಮ್ಮ ಕಂಬಕ್ಕೆ ಒರಗಿ ಕುಳಿತಿದ್ದಳು. ಇಷ್ಟು ಹೊತ್ತು ಇತ್ತಲೇ ಕಿವಿಯಿಟ್ಟಿದ್ದವಳು ಈಗ ಒಮ್ಮೆಗೇ ಮುದ್ದೆಯ ಬಟ್ಟೆಯ ಗಂಟನ್ನು ಬಿಚ್ಚಿ ಕಟ್ಟಿ, ಬಿಚ್ಚಿ ಕಟ್ಟಿ ಮಾಡತೊಡಗಿದಳು.

“ಮುನಿಶಾಮಕ್ಕಾ,” ಎಂದರು ಜಮೇದಾರರು. “ಆ ಗಂಟು ಬಿಟ್ಟು ಇತ್ಲಾಗೆ ಬಾ.”

“ನಂಗೇನೂ ಗೊತ್ತಿಲ್ಲ ಜಮೇದಾರಪ್ಪ.”

“ನಾನಿನ್ನೂ ಏನೂ ಕೇಳಿಲ್ವಲ್ಲ ತಾಯಿ.”

ಮುನಿಶಾಮಮ್ಮ ಎದ್ದು ಬಂದಳು. ಹೊಸ್ತಿಲಾಚೆಯೇ ನಿಂತು, ಸೆರಗು ಬಾಯಿಗಿಟ್ಟು, ಮಗನ ಕಡೆ ಕದ್ದು ನೋಡಿದಳು. “ಕದಿರಾ, ಬೈಬೇಡ ನಾಯ್ನಾ. ಯುಗಾದಿಯಲ್ಲಿ ಊರೆಲ್ಲ ಇಲ್ಲಿಗೆ ಬಂದು ಕಣ್ಣು ಬಿಟ್ಕೊಂಡು ನೋಡ್ತಲ್ಲ. ಏಮಿ ಮೆರುಪು, ಏನು ಹೊಳಪು ಅಂತ ಒಬ್ಬೊಬ್ರೂ ಹೊಗಳಿದ್ದೇ ಹೊಗಳಿದ್ದು. ಕೂಸಿಗೆ ಹಂಗೆ ಹೊಗಳಿದ್ರೆ ಸುಮ್ನೆ ಬಿಡ್ತೀವಾ? ದೃಷ್ಟಿ ತಾಕಲ್ವಾ? ಮಾರನೇ ದಿನ ನೀನು ಮಧ್ಯಾಹ್ನ ಮಲಗಿದ್ದಾಗ ಬೀಗದಕೈ ತಗೊಂಡು ಬಂದು ಆರತಿ ಎತ್ತಿ, ಒಂದೊಂದಕ್ಕೂ ಬೊಟ್ಟಿಟ್ಟು ಹೋದೆ.”

“ಅಮ್ಮಾ! ಕೈಲಿ ಮುಟ್ಟಬಾರದು ಅಂತ ಎಷ್ಟು ಸಲ ಹೇಳಿದ್ದೆ!”

“ಕೈಲೆಲ್ಲಿ ಮುಟ್ದೆ? ಬೆರಳಲ್ಲಿ ಮುಟ್ದೆ.”

ವೆಂಕಟರಾಯಪ್ಪನವರು ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. “ಎರಡು ದಿನದಿಂದ ಮಗ ಜೈಲಿಗೆ ಹೋಗ್ತಾನೆ ಅಂತ ಗೊತ್ತಿದ್ರೂ ಬಾಯಿ ಬಿಡಲಿಲ್ವಲ್ಲಮ್ಮ ನೀನು!”

“ನಂಗೆ ಯಾರು ಹೇಳಿದ್ರು ಬುದ್ಧಿ, ಆ ಬೊಟ್ಟಿಗೇ ಜಗಳ ಅಂತ? ಇವನು ಮನೇಲಿ ಬಾಯೇ ಬಿಡಲ್ಲ. ತುಕ್ಕು ತುಕ್ಕು ಅಂತಿದ್ರಿ ಎಲ್ರೂ. ನಾನು ತುಕ್ಕು ಇಟ್ಟಿಲ್ವಲ್ಲ!”

ಈ ಸಲ ತಿರುವೆಂಗಡಯ್ಯನವರ ಮೀಸೆಯ ಕೆಳಗೂ ಏನೋ ಅಲುಗಿತು. ಆದರೆ ಅವರು ಸುಲಭಕ್ಕೆ ಸೋಲುವವರಲ್ಲ. ಬೊಟ್ಟಿಲ್ಲದ ಆಚೆ ತುದಿಯನ್ನೂ ನೋಡಬೇಕೆಂದು ಹೋದರು. ಗೋಡೆಯ ಪಕ್ಕದ ಆ ಮೂಲೆಗೆ ಬೆಳಕು ಕಡಿಮೆ. ಅವರು ಬಗ್ಗಿ ಬಗ್ಗಿ ಒಂದೊಂದನ್ನೂ ನೋಡುತ್ತಾ ಹೋಗಿ, ಕೆಳಗಿನ ಅಂತಸ್ತಿನ ಕೊನೆಯ ಕೊಳವೆಯ ಹತ್ತಿರ ಕುಕ್ಕರುಗಾಲಲ್ಲಿ ಕೂತುಬಿಟ್ಟರು.

“ಜಮೇದಾರ್ರೇ, ನಿಮ್ಮ ಮಾವಿನಕಾಯಿ ತನ್ನಿ. ಇದನ್ನೂ ಹಳದಿ ಮಾಡಿ ನೋಡೋಣ.”

ಅವರ ದನಿಯಲ್ಲಿ ಗೆಲುವಿತ್ತು. ಎಲ್ಲರೂ ಅತ್ತ ನಡೆದರು.

ಅಲ್ಲಿದ್ದುದು ಬೊಟ್ಟಲ್ಲ. ಕೊಳವೆಯ ಸುತ್ತ ಎರಡು ಕೆಂಪು ಉಂಗುರ. ಒಂದು ತುದಿಯ ಹತ್ತಿರ, ಇನ್ನೊಂದು ಅದರಿಂದಾಚೆ. ಕೋದಂಡರಾಮಪ್ಪನವರು ಹುಳಿ ಒತ್ತಿದರು. ಕಾದರು. ಮತ್ತೆ ಒತ್ತಿದರು. ಕೆಂಪು ಕೆಂಪಾಗಿಯೇ ಉಳಿಯಿತು.

“ಆಯ್ತಲ್ಲ?” ಇಂಜಿನಿಯರು ಎದ್ದು ನಿಂತರು. “ಇದು ತುಕ್ಕು. ಒಂದು ಕೊಳವೆಯಾದರೂ ಕಬ್ಬಿಣದ್ದು. ಒಂದು ಕದ್ದರೂ ಕಳ್ಳನೇ.”

ವೆಂಕಟರಾಯಪ್ಪನವರ ನಗು ನಿಂತಿತು. ಕದಿರಪ್ಪ ಮರದ ಕಂಬ ಹಿಡಿದುಕೊಂಡ. ಹೊರಗೆ ದೂರದಲ್ಲಿ ಚಿಕ್ಕ ರೈಲಿನ ಶಿಳ್ಳೆ ಕೇಳಿಸಿತು. ಗಾಡಿ ಊರ ಹತ್ತಿರಕ್ಕೆ ಬಂದಿತ್ತು.

“ನನ್ನಾಣೆ ಅಣ್ಣಾ,” ಎಂದ ಕದಿರಪ್ಪ, ತೊದಲುತ್ತಾ. “ಈ ತೋಳುಗಳಿಗೆ ಒಂದು ಮೊಳೆ ಸಮೇತ ಹೊಡೆದಿಲ್ಲ. ಎಲ್ಲಾ ಮರದ ಗೂಟ. ಇಲ್ಲಿ ಕಬ್ಬಿಣ ಇಲ್ವೇ ಇಲ್ಲ.”

“ಇಂಜಿನಿಯರ್ ಸ್ವಾಮಿ,” ಕೋದಂಡರಾಮಪ್ಪನವರ ದನಿ ಎಂದಿನಂತೆಯೇ ಇತ್ತು. “ಈ ಎವರ್‌ಸಿಲ್ವರಿಗೆ ಸೂಜಿಗಲ್ಲು ಅಂಟುತ್ತಾ?”

“ಇಲ್ಲ. ಇದರ ಜಾತಿಗೆ ಅಂಟೋದಿಲ್ಲ.”

“ಕಬ್ಬಿಣಕ್ಕೆ?”

ಇಂಜಿನಿಯರು ತಡವರಿಸಿದರು. “ಅಂಟುತ್ತೆ.”

“ನಿಮ್ಮ ಹತ್ರ ಸೂಜಿಗಲ್ಲು ಐತಾ?”

“ಪೆಟ್ಟಿಗೆಯಲ್ಲಿ ಇದೆ.” ಅವರ ಕಿವಿ ಕೆಂಪಾಯಿತು. “ಎರಡು ದಿನದಿಂದ ಅಲ್ಲೇ ಇದೆ. ಸಿಟ್ಟಿನಲ್ಲಿ ಹೊಳೆಯಲಿಲ್ಲ.”

“ಹೋಗಲಿ ಬಿಡಿ, ಸಿಟ್ಟು ಬಂದ್ರೆ ನನಗೆ ಕನ್ನಡಕ ಹಣೆ ಮೇಲಿದ್ರೂ ಸಿಗಲ್ಲ. ತನ್ನಿ.”

ಸೂಜಿಗಲ್ಲು ಬಂತು. ಕದಿರಪ್ಪ ಅಂಥ ಹೊತ್ತಿನಲ್ಲೂ ಅದನ್ನು ಬಟ್ಟೆಯಲ್ಲಿ ಸುತ್ತಿಯೇ ಒಳಗೆ ಬಿಟ್ಟ. ತಿರುವೆಂಗಡಯ್ಯನವರು ತಮ್ಮ ಕೈಯಿಂದಲೇ ಕೊಳವೆಯ ನಡುವೆ ಇಟ್ಟರು. ಜಾರಿತು. ತುದಿಯಲ್ಲಿ ಇಟ್ಟರು. ಜಾರಿತು. ಉಳಿದ ಕೊಳವೆಗಳ ಮೇಲೂ ಇಟ್ಟರು. ಯಾವುದೂ ಅದನ್ನು ಹಿಡಿದುಕೊಳ್ಳಲಿಲ್ಲ.

ಅವರು ಸೂಜಿಗಲ್ಲನ್ನು ಕಿಸೆಗೆ ಹಾಕಿಕೊಂಡರು. ಕದಿರಪ್ಪನ ಎದುರಿಗೆ ಬಂದು ಕೈ ಮುಗಿದರು. “ತಪ್ಪಾಯ್ತು ಕಣಯ್ಯಾ. ಇದೂ ಅಪ್ಪಟ ಸ್ಟೇನ್‌ಲೆಸ್. ನಲವತ್ತೆಂಟೂ ಸರಿಯಾಗಿದೆ. ನಾಳೆ ಮೊದಲ ಲೋಟ ರಸ ನಿನಗೇ ಕೊಡೋದು.”

“ಅಯ್ಯೋ, ಬಿಡಿ ಸ್ವಾಮಿ,” ಎಂದ ಕದಿರಪ್ಪ. ಅಷ್ಟಕ್ಕೇ ಅವನ ಕಣ್ಣು ತುಂಬಿ ಬಂತು. ವೆಂಕಟರಾಯಪ್ಪನವರು ಅವನ ಬೆನ್ನಿಗೆ ಒಂದು ಗುದ್ದು ಕೊಟ್ಟು, ಅಂಗಳಕ್ಕೆ ಕೇಳುವಂತೆ, “ಲೇ, ಎಲ್ಲರಿಗೂ ಎರಡೆರಡು ಬಾದಾಮಿ ಹಂಚ್ರೋ!” ಎಂದು ಕೂಗಿದರು. ಆಚೆ ಹಣ್ಣು ಆರಿಸುತ್ತಿದ್ದ ಹೆಂಗಸರ ನಡುವೆ ಗುಲ್ಲೆದ್ದಿತು.

ಕೋದಂಡರಾಮಪ್ಪನವರು ಮಾತ್ರ ಆ ಎರಡು ಉಂಗುರಗಳ ಮುಂದೆ ಕೂತೇ ಇದ್ದರು.

“ಏಳಿ ಜಮೇದಾರ್ರೇ, ಮುಗೀತಲ್ಲ!”

“ಮುಗೀತು. ಆದ್ರೂ ಈ ಕೆಂಪು ಎಲ್ಲಿಂದ ಬಂತು ಅಂತ ತಿಳೀಬೇಕಲ್ಲ. ಕೊಳವೆ ಹೋಗಿ ಎಲ್ಲೋ ಕಬ್ಬಿಣ ತಬ್ಬಿಕೊಂಡು ಬಂದೈತೆ.” ಅವರು ಬೆರಳಿನಿಂದ ಉಂಗುರವನ್ನು ಗಾಳಿಯಲ್ಲೇ ಬಳಸಿದರು. “ನೋಡಿ. ಮಲಗಿದ ಕೊಳವೆಗೆ ಕಬ್ಬಿಣ ತಾಕಿದ್ರೆ ಕಲೆ ಹೊಟ್ಟೆಯಡಿ ಮಾತ್ರ ಬೀಳಬೇಕು. ಇದು ಸುತ್ತ ಬಿದ್ದೈತೆ. ಇದನ್ನ ಮಲಗಿಸಿರಲಿಲ್ಲ. ನಿಲ್ಲಿಸಿದ್ರು. ಎರಡು ಕಬ್ಬಿಣದ ಬಳೆ ಒಳಗೆ ತೂರಿಸಿ ನೆಟ್ಟಗೆ ನಿಲ್ಲಿಸಿದ್ರು. ಮಳೆ ನೀರು ಬಿದ್ದು ತುಕ್ಕು ಇಳಿದೈತೆ.”

ಅವರು ಮೊಣಕೈಯನ್ನು ಒಂದು ಉಂಗುರದ ಪಕ್ಕಕ್ಕೆ ಹಿಡಿದರು. ಕೈ ಚಾಚಿದರು. ಬೆರಳ ತುದಿಯಾಚೆಗೆ ಇನ್ನೊಂದು ಕೈಯ ನಾಲ್ಕು ಬೆರಳು ಸೇರಿಸಿದರು. ಎರಡನೆಯ ಉಂಗುರ ಸರಿಯಾಗಿ ಅಲ್ಲಿಗೆ ಬಂತು.

“ಒಂದು ಮೊಳ ನಾಲ್ಕು ಬೆರಳು,” ಎಂದರು.

ಆ ಅಳತೆ ಅವರ ಕೈಗೆ ಗೊತ್ತಿತ್ತು. ಪ್ರತಿ ಕಾರ್ತಿಕದಲ್ಲೂ ಊರಾಚೆಯ ಎತ್ತಿನಬಂಡೆಯ ಮೇಲಿನ ಕಲ್ಲುಕಂಬಕ್ಕೆ ಆಕಾಶದೀಪ ಕಟ್ಟುವವರು ಅವರೇ. ಬಿದಿರಿನ ಗಳುವನ್ನು ತೂರಿಸಲು ಆ ಕಲ್ಲಿಗೆ ಎರಡು ಕಬ್ಬಿಣದ ಬಳೆ ಹಾಕಿಸಿದ್ದವರೂ ಅವರೇ. ಕಮ್ಮಾರನಿಗೆ ಅಂದು ಹೇಳಿದ ಅಳತೆ, ಒಂದು ಮೊಳ ನಾಲ್ಕು ಬೆರಳು.

“ಯುಗಾದಿ ಮರುವಾರ,” ಎಂದರು ವೆಂಕಟರಾಯಪ್ಪನವರು ನಿಧಾನವಾಗಿ. ಅವರಿಗೂ ಹೊಳೆದಿತ್ತು. “ಅಶ್ವಿನಿ ಮಳೆ ಬಿದ್ದ ದಿನ. ಎತ್ತಿನಬಂಡೆ ಮೇಲೆ ಬಾವುಟ ಹಾರಿತ್ತಲ್ಲ! ಬೆಳ್ಳಿ ಕಂಬದ ಮೇಲೆ ಹಾರ್ತಿತ್ತು ಅಂತ ಊರೆಲ್ಲ ಹೇಳ್ತು. ನಾವು ಕಥೆ ಅಂದ್ಕೊಂಡ್ವಿ.”

ಅದನ್ನು ಮರೆತವರಿರಲಿಲ್ಲ. ಮೂರು ಬಣ್ಣದ ಬಾವುಟ ಹಾರಿಸಿದರೆ ಸೆರೆಮನೆ ಎಂಬ ದಿನಗಳು. ಬೆಳಗಿನ ಬಿಸಿಲಿಗೆ ಕಂಬ ಕಣ್ಣು ಕೋರೈಸುವಂತೆ ಹೊಳೆದಿತ್ತು. ಸಂತೆಗೆ ಹೊರಟ ಜನ ಗಾಡಿ ನಿಲ್ಲಿಸಿ ಕೈ ಮುಗಿದಿದ್ದರು. ಪೊಲೀಸರು ಬಂಡೆ ಹತ್ತುವಷ್ಟರಲ್ಲಿ ಮಳೆ ಸುರಿದು, ಅಲ್ಲಿ ಬಾವುಟವೂ ಇರಲಿಲ್ಲ, ಕಂಬವೂ ಇರಲಿಲ್ಲ. ಆ ಬೆಳ್ಳಿ ಕಂಬ ಯಾವುದು, ಅದನ್ನು ನೆಟ್ಟವರು ಯಾರು ಎಂದು ಇನ್ಸ್‌ಪೆಕ್ಟರು ಇಂದಿಗೂ ಹುಡುಕುತ್ತಿದ್ದರು.

“ನಂಗೊತ್ತಿಲ್ಲ!” ಕದಿರಪ್ಪ ಬೆಚ್ಚಿದ. “ದೇವರಾಣೆ ನಂಗೊತ್ತಿಲ್ಲ ಅಣ್ಣಾ. ಬೀಗದಕೈ ನನ್ನ ಹತ್ರಾನೇ...” ಅಲ್ಲಿಗೆ ಅವನ ಮಾತು ನಿಂತಿತು. ಬೀಗದಕೈ ಒಂದು ಮಧ್ಯಾಹ್ನ ಅವನ ಹತ್ತಿರ ಇರಲಿಲ್ಲವೆಂದು ಈಗತಾನೇ ಕೇಳಿದ್ದ. ಒಂದು ಮಧ್ಯಾಹ್ನವೋ, ಎರಡೋ?

ಅವನು ಕೊಳವೆಯ ಬಾಯಿ ನೋಡಿದ. ಇಲಿ, ಕಣಜ ಹೊಗದಂತೆ ಪ್ರತಿಯೊಂದರ ಬಾಯಿಗೂ ಅವನೇ ಹೊಂಗೆಮರದ ಬಿರಡೆ ಕೆತ್ತಿ ಹಾಕಿದ್ದ. ಎಲ್ಲಕ್ಕೂ ಎಂಟು ಮೂಲೆ.

“ಇದು ನನ್ನ ಬಿರಡೆ ಅಲ್ಲ. ಇದು ದುಂಡಗೈತೆ.”

ಬಟ್ಟೆ ಸುತ್ತಿ ತಿರುಗಿಸಿ ಎಳೆದ. ಬಿರಡೆ ಬಂತು. ಅಂಗೈ ಉದ್ದದ, ನುಣುಪಾದ, ಎಣ್ಣೆ ಹೀರಿ ಕಪ್ಪಾದ ಮರದ ತುಂಡು. ತುದಿಯಲ್ಲಿ ಹಿಡಿ. ಒಣಗಿದ ಹಿಟ್ಟು ಇನ್ನೂ ಅಂಟಿತ್ತು.

“ಲಟ್ಟಣಿಗೆ!” ಎಂದರು ಇಂಜಿನಿಯರು.

ಮುನಿಶಾಮಮ್ಮ ಕೆಮ್ಮಿದಳು. ಬಹಳ ಹೊತ್ತು ಕೆಮ್ಮಿದಳು. ಆಮೇಲೆ ಹೆಂಚಿನ ಗಾಜಿನಲ್ಲಿ ಕಾಣುವ ಆಕಾಶವನ್ನು ಏಕಾಗ್ರತೆಯಿಂದ ನೋಡತೊಡಗಿದಳು.

“ಆ ಕಡೆ ಎತ್ತು,” ಎಂದರು ಜಮೇದಾರರು. “ಈ ಕಡೆ ನಾನು. ಓರೆ ಮಾಡೋಣ.”

ಕೊಳವೆ ಓರೆಯಾಯಿತು. ಒಳಗೆ ಏನೋ ಸರಿಯಿತು. ಹಾವು ತರಗೆಲೆಯ ಮೇಲೆ ಹರಿದಂತೆ, ಇಪ್ಪತ್ತು ಅಡಿಯನ್ನೂ ಮೆಲ್ಲಗೆ ಸವರಿಕೊಂಡು ಬಂದು, ಒಂದು ಬಟ್ಟೆಯ ಸುರುಳಿ ಜಮೇದಾರರ ಮಡಿಲಿಗೆ ಬಿತ್ತು.

ಕೇಸರಿಯ ಅಂಚು ಮೊದಲು ಕಂಡಿತು. ಆಮೇಲೆ ಹಸಿರು.

ಎರಡು ವರ್ಷದಿಂದ ಯಾರೂ ಮುಟ್ಟಬಾರದೆಂದು ಕದಿರಪ್ಪ ಕಾಯ್ದ ಜಾಗ. ಇಡೀ ತಾಲ್ಲೂಕಿನಲ್ಲಿ ಇದಕ್ಕಿಂತ ಭದ್ರವಾದ ಕಡೆ ಇನ್ನೊಂದಿರಲಿಲ್ಲ. ಬಚ್ಚಿಟ್ಟವರಿಗೆ ಅದು ಚೆನ್ನಾಗಿ ಗೊತ್ತಿತ್ತು.

“ಜಮೇದಾರ್ರೇ,” ವೆಂಕಟರಾಯಪ್ಪನವರ ದನಿ ಪಿಸುಮಾತಿಗೆ ಇಳಿದಿತ್ತು. “ಕೊಳವೆ ಕದ್ದಿಲ್ಲ ಅಂತ ತೋರಿಸಿ ಬಿಡಿಸಿದ್ರಿ. ಈಗ ಇದು ಇವನ ಉಗ್ರಾಣದಲ್ಲಿ ಸಿಕ್ತು ಅಂದ್ರೆ ಇನ್ಸ್‌ಪೆಕ್ಟರು ಬಿಡ್ತಾರಾ?”

ಅಂಗಳದಲ್ಲಿ ಜಟಕಾದ ಗೆಜ್ಜೆ ಕೇಳಿಸಿತು. ಗಾಡಿ ನಿಂತಿತು. ಹಣ್ಣು ಆರಿಸುತ್ತಿದ್ದ ಹೆಂಗಸರ ಗುಲ್ಲು ಒಮ್ಮೆಗೇ ಅಡಗಿ, ಬೂಟಿನ ಸದ್ದು ಮಾತ್ರ ಉಳಿಯಿತು.

ಕೋದಂಡರಾಮಪ್ಪನವರು ಮೂವತ್ತು ವರ್ಷ ಸರ್ಕಾರದ ಅನ್ನ ತಿಂದವರು. ಸಿಕ್ಕಿದ್ದನ್ನು ಸಿಕ್ಕಿತೆಂದು ಹೇಳುವುದೇ ಅವರ ಧರ್ಮವಾಗಿತ್ತು. ಆ ಧರ್ಮಕ್ಕೆ ಅವರು ಒಮ್ಮೆಯೂ ತಪ್ಪಿರಲಿಲ್ಲ. ಕದಿರಪ್ಪನ ಮುಖವನ್ನೂ, ಅವನ ತಾಯಿಯ ಮುಖವನ್ನೂ ನೋಡಿದರು. ಆಂಜನೇಯಾ, ದಾರಿ ತೋರಿಸಪ್ಪ, ಎಂದು ಮನಸ್ಸಿನಲ್ಲೇ ಅಂದುಕೊಂಡು ಸುರುಳಿಯನ್ನು ಇನ್ನೊಂದು ಗೇಣು ಬಿಚ್ಚಿದರು. ಇದನ್ನು ಹೊಲಿದವರು ಯಾರೆಂದಾದರೂ ತಿಳಿಯಲಿ.

ನಡುವಿನ ಬಿಳಿಯ ಪಟ್ಟಿ ಹೊರಬಂತು. ಒಳ್ಳೆಯ ಬಟ್ಟೆ. ಸಣ್ಣ ನೂಲಿನದು. ಅಂಚಿನಲ್ಲಿ ಚೊಕ್ಕಟವಾದ ಹೊಲಿಗೆ. ಆ ಹೊಲಿಗೆಯ ಪಕ್ಕದಲ್ಲೇ, ಎಷ್ಟು ಒಗೆದರೂ ಹೋಗದ ಕಪ್ಪು ಗೇರುಮಸಿಯಲ್ಲಿ, ಅಗಸರು ಮನೆಮನೆಗೆ ಬೇರೆಬೇರೆಯಾಗಿ ಹಾಕುವ ಗುರುತು.

ಎರಡು ಚುಕ್ಕೆ, ಒಂದು ಅಡ್ಡಗೆರೆ, ಅದರ ಕೆಳಗೆ ಮತ್ತೊಂದು ಚುಕ್ಕೆ.

ಕೋದಂಡರಾಮಪ್ಪನವರು ತಮ್ಮ ಸೊಂಟದ ಮೋಟು ಪಂಚೆಯ ತುದಿಯನ್ನು ಮೆಲ್ಲಗೆ ಮಗುಚಿ ನೋಡಿದರು. ಎರಡು ಚುಕ್ಕೆ, ಒಂದು ಅಡ್ಡಗೆರೆ, ಅದರ ಕೆಳಗೆ ಮತ್ತೊಂದು ಚುಕ್ಕೆ.

ಪಾಪ, ಅಗಸನ ಆಣೆ ಸುಳ್ಳಾಗಿರಲಿಲ್ಲ.

ಅವರು ತಲೆಯೆತ್ತಿದರು. ಮುನಿಶಾಮಮ್ಮ ಈಗ ಆಕಾಶ ನೋಡುತ್ತಿರಲಿಲ್ಲ. ಅವರನ್ನೇ ನೋಡುತ್ತಿದ್ದಳು. ಸೆರಗಿನ ಮರೆಯಲ್ಲಿ ನಗುತ್ತಿದ್ದಳೋ, ಬೇಡುತ್ತಿದ್ದಳೋ ತಿಳಿಯಲಿಲ್ಲ.

“ಅನಸೂಯಮ್ಮ ಹೇಳಿದ್ರು,” ಎಂದಳು ಅವಳು, ಅವರಿಗೊಬ್ಬರಿಗೇ ಕೇಳುವಂತೆ. “ಹಿಡಿಯೋದಾದ್ರೆ ನಮ್ಮನೆಯವರೇ ಹಿಡೀತಾರೆ, ಬೇರೆ ಯಾರ ಕೈಲೂ ಆಗಲ್ಲ ಅಂತ.”

ಬಾಗಿಲಲ್ಲಿ ನೆರಳು ಬಿತ್ತು. ಹೊರಗಿಟ್ಟಿದ್ದ ಬೀಗದಕೈ ಗೊಂಚಲು ಬೂಟಿನ ತುದಿಗೆ ತಾಕಿ ಘಲ್ಲೆಂದಿತು.

“ಏನು ಜಮೇದಾರ್ರೇ,” ಎಂದರು ಇನ್ಸ್‌ಪೆಕ್ಟರು ನಗುನಗುತ್ತಾ ಒಳಗೆ ಬಗ್ಗಿ, “ಕಳ್ಳ ಸಿಕ್ಕಿದನಾ?”